ಸಂಬಳ ಕೊಟ್ಟು ಪಾಠ

ಪಾಠ ಹೇಳಿಸಿಕೊಳ್ಳುವವರಿಗೇ ಸಂಬಳ ಕೊಡುವ ಜಾಗವೊಂದಿದೆ ಎಂದು ನನಗೆ ಗೊತ್ತಾದದ್ದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ. 2001ರ ಫೆಬ್ರವರಿ 28ರಂದು ಕೆ.ಜಿ.ಎಫ್.ನ ಚಿನ್ನದ ಗಣಿ ಮುಚ್ಚಿದಾಗ ಅವಳ ಅಪ್ಪನ ಕೆಲಸವೂ ಹೋಯಿತು. ಆಮೇಲೆ ನಮ್ಮ ಕಡೆಯವರಿಗೆ ಬೆಂಗಳೂರಿನ ರೈಲೇ ಗಣಿಯಾಯಿತೆನ್ನಿ. ಮಾರಿಕುಪ್ಪಂನಲ್ಲಿ ಹತ್ತುವವರು, ಬಂಗಾರಪೇಟೆಯಲ್ಲಿ ನುಗ್ಗುವವರು, ಎಲ್ಲರ ಕೈಯಲ್ಲೂ ಊಟದ ಡಬ್ಬಿ. ಇವಳು ಬಿ.ಎ. ಮುಗಿಸಿ 2004ರಲ್ಲಿ ಬೆಂಗಳೂರಿನ ಕಾಲ್ ಸೆಂಟರೊಂದನ್ನು ಸೇರಿದಳು.

"ಆರು ವಾರ ಬರೀ ಪಾಠ ಮಿಸ್, ಅದಕ್ಕೂ ಸಂಬಳ!" ಎಂದಳು. ಅಮೆರಿಕದ ರಾಜ್ಯಗಳು, ಅಲ್ಲಿನ ಹೊತ್ತು ಗೊತ್ತು, ಬೈದವರಿಗೂ ಮೆತ್ತಗೆ ಉತ್ತರ ಕೊಡುವ ಬಗೆ. 'ವಿ'ಗೂ 'ಡಬ್ಲ್ಯು'ಗೂ ಇರುವ ವ್ಯತ್ಯಾಸಕ್ಕೇ ಎರಡು ದಿನವಂತೆ. (ಐವತ್ತು ಮಕ್ಕಳ ತರಗತಿಯಲ್ಲಿ ನನಗೆ ಅದಕ್ಕೆ ಎರಡು ನಿಮಿಷವೂ ಸಿಕ್ಕಿದ್ದಿಲ್ಲ, ಬಿಡಿ.)

ಲೆಕ್ಕ ಹಾಕಿದರೆ ಇದು ಧಾರಾಳವೇನಲ್ಲ. ಬಟ್ಟೆ ಅಂಗಡಿಯವನಿಗೆ ಸೀರೆ ಹೇಗೋ ಈ ಕಂಪನಿಗಳಿಗೆ ಹುಡುಗಿಯರ ಮಾತೇ ಸರಕು. ಪರದೇಶದ ಬ್ಯಾಂಕೋ ವಿಮಾನ ಕಂಪನಿಯೋ ತನ್ನ ಗಿರಾಕಿಗಳನ್ನು ಇವರ ಕೈಗೆ ಒಪ್ಪಿಸಿರುತ್ತದೆ. ಒಬ್ಬೊಬ್ಬರೂ ತಡವರಿಸತೊಡಗಿದರೆ ಗುತ್ತಿಗೆಗೇ ಸಂಚಕಾರ. ಜೊತೆಗೆ ಈ ಕೆಲಸದಲ್ಲಿ ಬಿಟ್ಟುಹೋಗುವವರು ಬಹಳ. ಒಬ್ಬಳು ಎದ್ದುಹೋದರೆ, ಗಿರಾಕಿಗೆ ತಿಳಿಯದಂತೆ ಇನ್ನೊಬ್ಬಳು ಆ ಕುರ್ಚಿಯಲ್ಲಿ ಕೂರಬೇಕು. ಅದಕ್ಕೇ ಎಲ್ಲರಿಗೂ ಒಂದೇ ಅಚ್ಚಿನ ಪಾಠ. ಕಾಲೇಜಿನಿಂದ ಸಿದ್ಧವಾಗಿ ಬರುವವರೂ ಕಡಿಮೆ. ನಮ್ಮ ಇಂಜಿನಿಯರಿಂಗ್ ಪದವೀಧರರಲ್ಲಿ ನೂರಕ್ಕೆ 25 ಮಂದಿಯಷ್ಟೇ ಇಂಥ ಕೆಲಸಕ್ಕೆ ಒದಗುವವರು ಎಂದು ನ್ಯಾಸ್ಕಾಂ ಮತ್ತು ಮೆಕಿನ್ಸಿಯ 2005ರ ವರದಿ ಹೇಳಿತ್ತು. ಇನ್ಫೋಸಿಸ್‌ನವರು ಮೈಸೂರಿನಲ್ಲಿ 300 ಎಕರೆಗೂ ಮೀರಿದ ಆವರಣ ಕಟ್ಟಿ, ಹೊಸಬರನ್ನು ತಿಂಗಳುಗಟ್ಟಲೆ ಅಲ್ಲೇ ಇರಿಸಿಕೊಂಡು ಕಲಿಸಿದ್ದು ಸುಮ್ಮನೆ ಅಲ್ಲ.

ಆದರೆ ನಮ್ಮ ಹುಡುಗಿಯಿಂದ ಒಂದು ವರ್ಷದ ಬಾಂಡ್ ಬರೆಸಿಕೊಂಡಿದ್ದರು. ನಡುವೆ ಬಿಟ್ಟರೆ ತರಬೇತಿಯ ಖರ್ಚು ಕಟ್ಟಬೇಕು; ಅಲ್ಲಿಯವರೆಗೆ ಅಂಕಪಟ್ಟಿಗಳು ಅವರ ಬಳಿಯೇ. ಅವಳ ಅಮ್ಮ ಆ ಕಾಗದ ಹಿಡಿದು ಮನೆಗೆ ಬಂದು, "ಇದು ಸಾಲದ ಪತ್ರಾನಾ ಟೀಚರಮ್ಮ?" ಎಂದು ಕೇಳಿದರು. ಕಲಿಸಿದವರು ಒಂದು ವರ್ಷದ ದುಡಿಮೆ ಬಯಸಿದರೆ ತಪ್ಪೆನ್ನಲಾರೆ. ಮಗುವಿನ ಅಂಕಪಟ್ಟಿಯನ್ನು ಒಡವೆಯಂತೆ ಒತ್ತೆ ಇಟ್ಟುಕೊಂಡದ್ದನ್ನು ಮಾತ್ರ ಇಂದಿಗೂ ಒಪ್ಪಲಾರೆ.

ಕಲಿತದ್ದು ಕಲಿತವಳ ಜೊತೆಗೇ ಹೊರಟುಬಿಡುತ್ತದೆಂಬ ಭಯ ಅವರಿಗೆ. ಅವಳ ಅಪ್ಪನ ವಿದ್ಯೆಗೆ ಆ ಭಾಗ್ಯವಿರಲಿಲ್ಲ. 3 ಕಿಲೋಮೀಟರಿಗೂ ಆಳಕ್ಕೆ ಇಳಿದ ಆ ಗಣಿಗಳಲ್ಲಿ ಬಂಡೆ ಒತ್ತಡ ತಾಳದೆ ಸಿಡಿಯುವುದಿತ್ತು. ಅದರ ಸದ್ದಿನ ಮೇಲೇ ಅಪಾಯ ಗುರುತಿಸುವುದನ್ನು ಅವರು ಹಿರಿಯರ ಬೆನ್ನಿಗೆ ನಿಂತು ವರ್ಷಗಟ್ಟಲೆ ಕಲಿತಿದ್ದರು. ನೆಲದ ಮೇಲೆ ಅದು ಯಾರಿಗೆ ಬೇಕು? ಬೆಂಗಳೂರಿನ ಅಪಾರ್ಟ್‌ಮೆಂಟೊಂದರಲ್ಲಿ ರಾತ್ರಿ ಕಾವಲಿಗೆ ಸೇರಿದರು.

ಮಗಳು ಬಾಂಡ್ ಮುಗಿದ ತಿಂಗಳೇ ಅಂಕಪಟ್ಟಿ ಬಿಡಿಸಿಕೊಂಡು ಬೇರೆ ಕಂಪನಿಗೆ ಹೋದಳು. ಸಂಬಳ ಅಲ್ಲಿ ಹೆಚ್ಚು, ತರಬೇತಿ ಮೂರೇ ದಿನ. ಉಳಿದದ್ದನ್ನೆಲ್ಲ ಹಳೆಯ ಕಂಪನಿಯೇ ಕಲಿಸಿಯಾಗಿತ್ತಲ್ಲ!