ತುಪ್ಪಟ ಕತ್ತರಿಸುವ ದಿನ

ನಮ್ಮ ಚಳ್ಳಕೆರೆ ಸೀಮೆಯಲ್ಲಿ ಕುರಿಯ ಉಣ್ಣೆಗೆ ತುಪ್ಪಟ ಎನ್ನುತ್ತಾರೆ. ಉಣ್ಣೆ ಎಂಬ ಮಾತಿಗೆ ಎರಡು ಅರ್ಥ. ಕುರಿಯ ಮೈಮೇಲಿನ ಕೂದಲೂ ಉಣ್ಣೆ, ಅದರ ನಡುವೆ ಅಡಗಿ ರಕ್ತ ಹೀರುವ ಹುಳುವೂ ಉಣ್ಣೆ. ಮೊದಲನೆಯದು ಸಂಸ್ಕೃತದ ಊರ್ಣಾ ಶಬ್ದದಿಂದ ಬಂದದ್ದು, ಎರಡನೆಯದು ದ್ರಾವಿಡ ಮೂಲದ್ದು. ನಾನಾರ್ಥ ಪದಗಳ ಪಾಠದಲ್ಲಿ ನಾನು ಈ ಉದಾಹರಣೆ ಕೊಡುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಕತ್ತರಿ ಹಾಕಿದ ದಿನ ಕುರಿಗೆ ಇವೆರಡರಿಂದಲೂ ಬಿಡುಗಡೆ.

ನಮ್ಮ ಮನೆಗೆ ಇದ್ದ ಆಸ್ತಿ ಎಂದರೆ ಆರು ಎಕರೆ ಬೆದ್ದಲು ಮತ್ತು ಅರವತ್ತರ ಆಸುಪಾಸಿನ ಕರಿ ಕುರಿಗಳು. ಪುಸ್ತಕಗಳು ಈ ತಳಿಯನ್ನು ದಖನಿ ಎಂದು ಕರೆಯುತ್ತವೆ; ನಮಗೆ ಅವು ಬರೀ ಕುರಿಗಳು, ಬೇರೆ ಬಗೆಯ ಕುರಿಯನ್ನು ನಾವು ಕಂಡಿರಲಿಲ್ಲ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ನಮ್ಮದೂ ಒಂದು. ಶೇಂಗಾ ಕೈಕೊಟ್ಟ ವರ್ಷ ಮನೆಯನ್ನು ಸಾಕುತ್ತಿದ್ದವು ಕುರಿಗಳೇ.

ಬೆಳಗಾದರೆ ಅವ್ವ ಬುಟ್ಟಿಗಳ ಕೆಳಗಿಂದ ಎಳೆಮರಿಗಳನ್ನು ಬಿಟ್ಟು ತಾಯಂದಿರ ಬಳಿ ಕುಡಿಸುವಳು. ರೊಪ್ಪದ ಹಿಕ್ಕೆ ಗುಡಿಸುವುದು ನನ್ನ ಮತ್ತು ತಮ್ಮನ ಪಾಲಿನ ಕೆಲಸ. ಅದು ಮುಗಿಯದೆ ಶಾಲೆಯಿಲ್ಲ. ಹುಲ್ಲಿನ ಮೇಲಿನ ಮಂಜು ಆರುವವರೆಗೆ ಅಪ್ಪ ಕುರಿಗಳನ್ನು ಹೊರಡಿಸುತ್ತಿರಲಿಲ್ಲ. ಸಂಜೆ ಮಂದೆ ಹಿಂತಿರುಗಿದಾಗ ಎಣಿಸುತ್ತಲೂ ಇರಲಿಲ್ಲ, ಒಮ್ಮೆ ಕಣ್ಣಾಡಿಸಿ "ಮೋಟು ಕಿವಿದು ಬಂದಿಲ್ಲ" ಎನ್ನುವನು. ಸುಗ್ಗಿ ಮುಗಿದ ಮೇಲೆ ರೈತರು ತಮ್ಮ ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸಲು ಕರೆಯುತ್ತಿದ್ದರು. ಗೊಬ್ಬರಕ್ಕೆ ಪ್ರತಿಯಾಗಿ ಕಾಳು ಅಳೆದುಕೊಡುವರು.

ಕತ್ತರಿಯ ಕೆಲಸ ವರ್ಷಕ್ಕೆ ಎರಡು ಬಾರಿ: ಮುಂಗಾರಿಗೆ ಮುನ್ನ ಒಮ್ಮೆ, ಹಿಂಗಾರು ಮುಗಿದು ಕೆರೆಯಲ್ಲಿ ನೀರಿರುವಾಗ ಇನ್ನೊಮ್ಮೆ. ಕೂಲಿಗೆ ಯಾರನ್ನೂ ಕರೆಯುತ್ತಿರಲಿಲ್ಲ. ಮುಯ್ಯಾಳಿನ ಪದ್ಧತಿ, ಇಂದು ನಮ್ಮ ಮಂದೆಗೆ ಅವರು, ನಾಳೆ ಅವರ ಮಂದೆಗೆ ನಾವು. ನಸುಕಿನಲ್ಲೇ ಕುರಿಗಳನ್ನು ಕೆರೆಗಿಳಿಸಿ ಮೈ ತಿಕ್ಕಿ, ಹಾಸುಬಂಡೆಯ ಮೇಲೆ ಬಿಸಿಲಿಗೆ ನಿಲ್ಲಿಸುವುದು. ಆರಿದ ಕುರಿಯನ್ನು ಒಂದು ಮಗ್ಗುಲಿಗೆ ಕೆಡವಿ ಕಾಲು ಕಟ್ಟಿ ಕತ್ತರಿ ಆಡಿಸಿದರೆ, ತುಪ್ಪಟ ಹರಿಯದೆ ಕರಿಯ ಹಚ್ಚಡದಂತೆ ಒಟ್ಟಿಗೆ ಬಿಡಿಸಿಕೊಂಡು ಬರುತ್ತಿತ್ತು. ಹೊಟ್ಟೆ ಮತ್ತು ತೊಡೆ ಕೂಡುವಲ್ಲಿ ಚರ್ಮ ತೆಳು. ಅಲ್ಲಿ ಕತ್ತರಿ ತಗುಲಿದರೆ ಗಾಯ, ಗಾಯಕ್ಕೆ ನೊಣ ಕೂತರೆ ಹುಳ. ಆದ್ದರಿಂದ ಅವ್ವ ಅರಿಶಿನ ಕಲಸಿದ ಬೇವಿನೆಣ್ಣೆಯ ಬಟ್ಟಲು ಹಿಡಿದು ಸುತ್ತುತ್ತಲೇ ಇರುವಳು. ಕುರಿಯ ತಲೆ ಹಿಡಿದುಕೊಳ್ಳುವುದು ನನ್ನ ಕೆಲಸ. "ಬಿಗಿ ಹಿಡಿದ್ರೆ ಅದಕ್ಕೆ ಭಯ, ಸಡ್ಲ ಬಿಟ್ರೆ ನಿನಗೆ ಭಯ. ನೋಡ್ಕಂಡು ಹಿಡಿ" ಎನ್ನುತ್ತಿದ್ದ ಅಪ್ಪ.

ಬೋಳಾದ ಕುರಿಗಳನ್ನು ಬಿಟ್ಟಾಗ ನಡೆಯುವ ಗದ್ದಲವನ್ನು ನೋಡಿಯೇ ತಿಳಿಯಬೇಕು. ಮರಿ ತಾಯಿಯೆದುರೇ ನಿಂತು ತಾಯಿಗಾಗಿ ಅರಚುತ್ತದೆ. ತಾಯಿ ಹತ್ತಿರ ಬಂದರೆ ಹಿಂದೆ ಸರಿಯುತ್ತದೆ. ಕೂಗು ಕೇಳಿ, ಮೂಸಿ, ಮತ್ತೆ ಮೂಸಿ, ಕೊನೆಗೆ ಕೆಚ್ಚಲಿಗೆ ಬಾಯಿ ಹಾಕುವಷ್ಟರಲ್ಲಿ ಅರ್ಧ ಗಂಟೆಯೇ ಕಳೆಯುತ್ತಿತ್ತು. ಅಂದಿನ ರಾತ್ರಿ ಬಂದವರಿಗೆಲ್ಲ ಮುದ್ದೆ ಮತ್ತು ಬಾಡಿನ ಸಾರು.

ಒಂದು ಕುರಿಯಿಂದ ಒಂದು ಬಾರಿಗೆ ಕಾಲು ಕಿಲೋ ತುಪ್ಪಟ ಸಿಕ್ಕರೆ ದೊಡ್ಡದು. ಹತ್ತು ಹನ್ನೆರಡು ಕುರಿಗಳ ಮೈ ಬೋಳಾದರೆ ಒಂದು ಕಂಬಳಿ. ಬಿಲ್ಲಿನಿಂದ ತುಪ್ಪಟ ಎಕ್ಕಿ ಹದ ಮಾಡಿಕೊಟ್ಟರೆ ಅಜ್ಜಿ ಮತ್ತು ಅವ್ವ ನೂಲುತ್ತಿದ್ದರು. ಹುಣಸೆ ಬೀಜ ಅರೆದು ಕಾಯಿಸಿದ ಗಂಜಿಯನ್ನು ಹಾಸಿನ ನೂಲಿಗೆ ಹಚ್ಚಿ ಒಣಗಿಸಿ, ಕುಣಿ ಮಗ್ಗದಲ್ಲಿ ನೇಯುವುದು. ಮೊದಲ ಸಲ ಕತ್ತರಿಸಿದ ಮರಿಯ ತುಪ್ಪಟ ಮೃದು. ಅದನ್ನು ಬೇರೆಯಾಗಿಯೇ ತೆಗೆದಿಡುವರು. ಹಾಗೆ ಆದ ಕಂಬಳಿ ಮಳೆಗೆ ಕೊಪ್ಪೆ, ಚಳಿಗೆ ಹೊದಿಕೆ, ದೇವರ ಕಾರ್ಯಕ್ಕೆ ಗದ್ದುಗೆ. ಕುರಿಯನ್ನು ಕೊಲ್ಲದೆ, ಮಾರದೆ ಅದರಿಂದ ಮನೆಗೆ ಬರುತ್ತಿದ್ದ ಗಳಿಕೆ ಇದು. ಅಪ್ಪ ಟಗರು ಮಾರಿದ ದಿನ ಮೌನವಾಗಿರುತ್ತಿದ್ದ, ತುಪ್ಪಟ ಮಾರಿದ ದಿನ ಮಾತಾಡುತ್ತಿದ್ದ.

ಮುಂದೆ ನಾನು ಮೇಷ್ಟರಾದ ಮೇಲೆ, ಕತ್ತರಿಯ ಮರುದಿನ ಶಾಲೆಗೆ ಬಂದ ಹುಡುಗರನ್ನು ಗೈರುಹಾಜರಿಗೆ ಕಾರಣ ಕೇಳುವ ಅಗತ್ಯವಿರಲಿಲ್ಲ. ತುಪ್ಪಟದ ಜಿಡ್ಡು ಎಷ್ಟು ತೊಳೆದರೂ ಅಂಗೈ ಬಿಡುವುದಿಲ್ಲ. ಬರವಣಿಗೆ ಪುಸ್ತಕವೇ ವಾಸನೆ ಹೇಳುತ್ತಿತ್ತು.

2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ 1 ಕೋಟಿ 10 ಲಕ್ಷ ಕುರಿಗಳಿದ್ದವು. ತೆಲಂಗಾಣ ಮತ್ತು ಆಂಧ್ರವನ್ನು ಬಿಟ್ಟರೆ ದೇಶದಲ್ಲಿ ನಾವೇ ಮುಂದೆ. ಕುರಿಗೆ ಬರ ಬಂದಿಲ್ಲ, ತುಪ್ಪಟಕ್ಕೆ ಬಂದಿದೆ. ಪಾಣಿಪತ್ತಿನ ಅಗ್ಗದ ಹೊದಿಕೆ ಸಂತೆಗೆ ಬಂದ ಮೇಲೆ ಚುಚ್ಚುವ ಕಂಬಳಿಯನ್ನು ಕೇಳುವವರು ಕಡಿಮೆಯಾದರು. ನೆಲ್ಲೂರು ಟಗರು ತಂದು ಬಿಟ್ಟವರ ಮಂದೆಯಲ್ಲಿ ಎತ್ತರದ, ಮೈತುಂಬಿದ ಮರಿಗಳು ಹುಟ್ಟಿದವು. ಅವುಗಳ ಮೈಮೇಲೆ ಕತ್ತರಿಸುವಂಥ ತುಪ್ಪಟವೇ ಇಲ್ಲ. ಮಾಂಸದ ತೂಕಕ್ಕೆ ಬೆಲೆ ಇರುವಾಗ ಯಾರು ಕರಿ ಕುರಿ ಸಾಕಿಯಾರು?

ಕಳೆದ ಸಲ ನಾವು ಕುರಿಗೆ ಮೂವತ್ತು ರೂಪಾಯಿಯಂತೆ ಕೂಲಿ ಕೊಟ್ಟು ಕತ್ತರಿಸಿದೆವು. ಕೊಳ್ಳುವವರು ಬರಲಿಲ್ಲ. ಚೀಲಗಳು ದನದ ಕೊಟ್ಟಿಗೆಯಲ್ಲಿ ನುಸಿ ಹಿಡಿದವು. ತಮ್ಮನ ಮಗ ಬಂದು ಕುಳಿತ. "ದೊಡ್ಡಪ್ಪ, ಕರೇವು ಹದಿನಾಲ್ಕು ಉಳಿದಾವೆ. ಕೊಟ್ಟುಬಿಡಾಣ ಅಂತಿದೀನಿ. ನೀವೇನಂತೀರಿ?" ಹುಡುಗನ ಲೆಕ್ಕದಲ್ಲಿ ತಪ್ಪಿರಲಿಲ್ಲ, ಅವನಿಗೆ ಗಣಿತ ಕಲಿಸಿದವನೇ ನಾನು. ಆದರೂ ಹೇಳಿದೆ: ಬಯಲಲ್ಲಿ ರಾತ್ರಿಯಿಡೀ ಮಳೆ ಹೊಯ್ದಾಗ ಮೊದಲು ನಡುಗಿದವು ಯಾವುವು, ಬೇಸಿಗೆಯಲ್ಲಿ ಮೈಲಿಗಟ್ಟಲೆ ನಡೆದೂ ಸೊರಗದೆ ಉಳಿದವು ಯಾವುವು, ಅದನ್ನೂ ಲೆಕ್ಕಕ್ಕೆ ಸೇರಿಸು ಎಂದು. ಅವನು ಬಹಳ ಹೊತ್ತು ಸುಮ್ಮನಿದ್ದ. ಆರು ಮಾರಿದ, ಎಂಟು ಉಳಿಸಿಕೊಂಡ. ಅವುಗಳ ಜೊತೆಗೆ ಒಂದು ಕರಿ ಟಗರನ್ನೂ ಹುಡುಕುತ್ತಿದ್ದಾನೆ. ಸುತ್ತಲ ಊರುಗಳಲ್ಲಿ ಇನ್ನೂ ಸಿಕ್ಕಿಲ್ಲ.

ಟಗರಿರುವ ಮಂದೆ ಯಾರಿಗಾದರೂ ಗೊತ್ತಿದ್ದರೆ ದಯಮಾಡಿ ತಿಳಿಸಿ. ಮುಂದಿನ ಕತ್ತರಿ ಕಾರ್ತಿಕದಲ್ಲಿ. ಊರಲ್ಲಿ ಕತ್ತರಿ ಹಿಡಿಯಬಲ್ಲವರು ಈಗ ಇಬ್ಬರೇ, ಇಬ್ಬರೂ ನನಗಿಂತ ಹಿರಿಯರು. ರಜೆಗೆ ಬರುವವರಿದ್ದರೆ ದಿನ ಗೊತ್ತಾದ ಕೂಡಲೇ ಹೇಳುತ್ತೇನೆ. ತಲೆ ಹಿಡಿದುಕೊಳ್ಳಲು ಜನ ಬೇಕು.