ಘಟ್ಟದ ರೈಲಿನಲ್ಲಿ ಎರಡು ಗಂಟೆಯ ಅಜ್ಞಾತವಾಸ

ವ್ಯವಹಾರದ ನಿಮಿತ್ತವಾಗಿ ಪರಸ್ಥಳಕ್ಕೆ ಹೋಗುವುದು ನಮ್ಮ ದೇಶದಲ್ಲಿ ಹೊಸದಾಗಿ ಹುಟ್ಟಿದ ಪದ್ಧತಿಯಲ್ಲ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿಯೇ ಅದರ ಮಾತು ಬಂದಿದೆ. ಕಾರ್ಯವುಳ್ಳವನು ಹೆಂಡತಿಯ ಜೀವನಕ್ಕೆ ಏರ್ಪಾಡು ಮಾಡಿಟ್ಟು ಆಮೇಲೆ ಪ್ರವಾಸ ಹೊರಡಬೇಕೆಂದೂ, ಧರ್ಮಕಾರ್ಯಕ್ಕಾಗಿ ಹೋದವನನ್ನು 8 ವರ್ಷ, ವಿದ್ಯೆಗಾಗಲಿ ಕೀರ್ತಿಗಾಗಲಿ ಹೋದವನನ್ನು 6 ವರ್ಷ, ಸುಖವನ್ನರಸಿ ಹೋದವನನ್ನು 3 ವರ್ಷ ಆಕೆ ಕಾಯಬೇಕೆಂದೂ ಅಲ್ಲಿ ಹೇಳಿದೆ. ಆ ವಿಧಿಯು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ಅದನ್ನು ಓದುವ ಗೃಹಿಣಿಯರು ತಮ್ಮ ತೀರ್ಪನ್ನು ತಾವೇ ಕೊಟ್ಟುಕೊಳ್ಳಬಲ್ಲರು. ನಮ್ಮ ಗಮನ ಹರಿದುದು ಆ ಅಂಕಿಗಳ ಕಡೆಗೆ. ಪ್ರವಾಸಿಯಾದವನು ವರ್ಷಗಟ್ಟಲೆ ಸುದ್ದಿಯಿಲ್ಲದೆ ಇರುವುದನ್ನು ಶಾಸ್ತ್ರಕಾರರು ಸಹಜವೆಂದೇ ಎಣಿಸಿದ್ದರು. ಈಗಲಾದರೋ ಎಂಟು ನಿಮಿಷ ಉತ್ತರ ಬಾರದಿದ್ದರೆ ಮನೆಯಲ್ಲಿ ಕಳವಳ, ಕಚೇರಿಯಲ್ಲಿ ಸಿಡುಕು.

ಈ ವಿಚಾರವು ನಮ್ಮ ಮನಸ್ಸಿಗೆ ಹತ್ತಿದುದು 2024ನೆಯ ಇಸವಿಯ ಡಿಸೆಂಬರಿನಲ್ಲಿ, ಯಶವಂತಪುರದಿಂದ ಮಂಗಳೂರಿಗೆ ಹಗಲು ಗಾಡಿಯಲ್ಲಿ ಹೋಗುತ್ತಿದ್ದಾಗ. ಜೊತೆಯಲ್ಲಿದ್ದವನು ನಮ್ಮ ಸೋದರಳಿಯ. ಬೆಂಗಳೂರಿನಲ್ಲಿ ಯಂತ್ರಗಳನ್ನು ಮಾರುವ ಒಂದು ಸಂಸ್ಥೆಯಲ್ಲಿ ಅವನು ಕೆಲಸಕ್ಕಿದ್ದಾನೆ. ಹಾಸನ, ಸಕಲೇಶಪುರದ ಕಡೆಯ ಕಾಫಿ ಸಂಸ್ಕರಣದವರು, ಪುತ್ತೂರು, ಮಂಗಳೂರುಗಳ ಅಡಕೆ ಗೋಡಂಬಿಯ ವ್ಯವಹಾರದವರು ಅವನ ಗಿರಾಕಿಗಳು. ತಿಂಗಳಿನಲ್ಲಿ ಹದಿನೈದು ದಿನ ಅವನ ವಾಸ ಹಾದಿಯ ಮೇಲೆ. ಕಚೇರಿಯಲ್ಲಿ ಅವನಿಗೆಂದು ಮೇಜಿಲ್ಲ, ಕುರ್ಚಿಯಿಲ್ಲ. ಕಚೇರಿಯೆಲ್ಲವೂ ಹೆಗಲ ಚೀಲದಲ್ಲಿದೆ. ಒಂದು ಲ್ಯಾಪ್‌ಟಾಪು, ಕಚೇರಿಗೊಂದು ಮನೆಗೊಂದು ಎಂದು ಎರಡು ಸ್ಮಾರ್ಟ್‌ಫೋನುಗಳು, ಒಂದು ಪವರ್‌ಬ್ಯಾಂಕು, ಸುರುಳಿ ಸುತ್ತಿದ ಮೂರು ವಯರುಗಳು. ನಮ್ಮ ಅಜ್ಜಂದಿರು ಪ್ರಯಾಣದಲ್ಲಿ ದೇವರ ಪೆಟ್ಟಿಗೆಯನ್ನು ಕಟ್ಟುತ್ತಿದ್ದ ಶ್ರದ್ಧೆಯಿಂದಲೇ ಅವನು ಇವನ್ನು ಕಟ್ಟುತ್ತಾನೆ. ವಿಮಾನದಲ್ಲಿ ಹೋಗುವಾಗ ಆ ಪವರ್‌ಬ್ಯಾಂಕನ್ನು ಸಾಮಾನಿನ ಪೆಟ್ಟಿಗೆಯಲ್ಲಿ ಹಾಕಿ ಒಪ್ಪಿಸಕೂಡದು, ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು ಎಂಬ ನಿಯಮವಿದೆಯೆಂಬುದನ್ನು ನಾವು ತಿಳಿದುದು ಅವನಿಂದಲೇ. ಅದರೊಳಗಿನ ಬ್ಯಾಟರಿಗೆ ಬೆಂಕಿ ಹತ್ತಿದರೆ ಕಣ್ಣೆದುರಿಗಿದ್ದರೆ ಆರಿಸಬಹುದು, ಕೆಳಗಿನ ಸಾಮಾನಿನ ಕೋಣೆಯಲ್ಲಾದರೆ ಕಷ್ಟ.

ಬೆಳಿಗ್ಗೆ 7 ಗಂಟೆಗೆ ಗಾಡಿ ಹೊರಟಿತು. ನೆಲಮಂಗಲ, ಕುಣಿಗಲು, ಶ್ರವಣಬೆಳಗೊಳಗಳ ಮೇಲೆ ಹಾಸನಕ್ಕೆ ಹೋಗುವ ಈ ನೇರದಾರಿ ಪೂರ್ತಿಯಾಗಿ ತೆರೆದುದು 2017ರಲ್ಲಿ. ರಾಗಿಯ ಕೊಯ್ಲು ಮುಗಿದ ಹೊಲಗಳು, ತೆಂಗಿನ ತೋಟಗಳು, ಕೆರೆಯ ಏರಿಗಳು ಒಂದಾದ ಮೇಲೊಂದು ಹಿಂದೆ ಸರಿದುವು. ನಮ್ಮ ಅಳಿಯನು ಇವುಗಳಲ್ಲಿ ಒಂದನ್ನೂ ನೋಡಲಿಲ್ಲ. "ಐದೇ ನಿಮಿಷ ಸಾರ್, ಈಗಲೇ ಕಳಿಸ್ತೇನೆ" ಎಂಬ ವಾಕ್ಯವನ್ನು ಹಾಸನ ಬರುವುದರೊಳಗಾಗಿ ಅವನು ಹನ್ನೊಂದು ಸಲ ಹೇಳಿದುದನ್ನು ನಾವು ಎಣಿಸಿದೆವು. ಪರೀಕ್ಷೆಯ ಕೊಠಡಿಯಲ್ಲಿ ಕಾವಲು ಕುಳಿತು ಕುಳಿತು ಬಂದ ಎಣಿಸುವ ಚಾಳಿ ನಮ್ಮನ್ನು ಇನ್ನೂ ಬಿಟ್ಟಿಲ್ಲ. ಆ ದಿನ ಅವನ ಮುಂದೆ ಒಂದು ತೊಡಕು ಇದ್ದಿತು. ಮಂಗಳೂರಿನ ಗೋಡಂಬಿ ವರ್ತಕರೊಬ್ಬರಿಗೆ ಅಪರಾಹ್ನ 4 ಗಂಟೆಯೊಳಗೆ ಬೆಲೆಪಟ್ಟಿ ಮುಟ್ಟಬೇಕು. ಬೆಂಗಳೂರಿನ ಮೇಲಧಿಕಾರಿಯು ಒಂದು ಅಂಕಿಗೆ ಒಪ್ಪಿಗೆ ಕೊಟ್ಟಿರಲಿಲ್ಲ. ಸಕಲೇಶಪುರ ದಾಟಿದರೆ ಸಿಗ್ನಲ್ಲು ಇರದು.

ಇಷ್ಟು ಅವಸರ ಹಿಂದಿನವರಿಗೆ ಇರಲಿಲ್ಲವೆಂದಲ್ಲ, ಅವಸರಪಡಲು ಸಾಧನವಿರಲಿಲ್ಲ. ನಮ್ಮ ತೀರ್ಥರೂಪರು ಪಠ್ಯಪುಸ್ತಕಗಳ ಮಾರಾಟಕ್ಕಾಗಿ ಮಲೆನಾಡಿನ ಶಾಲೆಗಳನ್ನು ಸುತ್ತುತ್ತಿದ್ದರು. ಹೊರಡುವ ಮುನ್ನ ಮನೆಯ ವಿಳಾಸ ಬರೆದ ನಾಲ್ಕಾರು ಕಾರ್ಡುಗಳನ್ನು ಕೋಟಿನ ಜೇಬಿನಲ್ಲಿಟ್ಟುಕೊಳ್ಳುವರು. "ಕ್ಷೇಮ. ನಾಳೆ ಶಿರಸಿ" ಎಂಬ ಕಾರ್ಡು ನಮ್ಮ ಕೈಗೆ ಬರುವ ಹೊತ್ತಿಗೆ ಅವರು ಶಿರಸಿಯನ್ನೂ ಬಿಟ್ಟು ಮುಂದಣ ಊರಿನಲ್ಲಿರುತ್ತಿದ್ದರು. ತೀರ ಜರೂರಾದರೆ ಟ್ರಂಕ್ ಕಾಲಿಗೆ ಹೆಸರು ಬರೆಯಿಸಿ ಅಂಚೆಕಚೇರಿಯ ಬೆಂಚಿನ ಮೇಲೆ ಕಾಯುವುದು. ಮರಣವೋ ಜನನವೋ ಆದರೆ ತಂತಿ. ಆ ತಂತಿಯ ಸೇವೆಯೂ 2013ರ ಜುಲೈ ತಿಂಗಳಿನಲ್ಲಿ ಮುಕ್ತಾಯವಾಯಿತು. ಮೊಬೈಲು ದೂರವಾಣಿಯ ಮೊದಲ ಕರೆ ನಮ್ಮ ದೇಶದಲ್ಲಿ ಆದುದು 1995ರ ಜುಲೈ 31ರಂದು. ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲಕತ್ತೆಯಿಂದ ದಿಲ್ಲಿಯಲ್ಲಿದ್ದ ಕೇಂದ್ರಮಂತ್ರಿ ಸುಖರಾಮ್ ಅವರೊಡನೆ ಮಾತನಾಡಿದರು. ಆರಂಭದ ವರ್ಷಗಳಲ್ಲಿ ಕರೆದವನೂ ಹಣ ತೆರಬೇಕು, ಕರೆಸಿಕೊಂಡವನೂ ತೆರಬೇಕು. ಬಂದ ಕರೆಗೆ ಹಣ ಕೊಡುವುದು 2003ರಲ್ಲಿ ತಪ್ಪಿತು. ಜನರ ಮಾತು ಉದ್ದವಾದುದು ಅಂದಿನಿಂದಲೇ ಎಂದು ನಮ್ಮ ಊಹೆ. 2007ರಲ್ಲಿ ಅಮೆರಿಕದಲ್ಲಿ ಐಫೋನು ಬಂದಿತು. 2016ರ ವೇಳೆಗೆ ನಮ್ಮಲ್ಲಿ ಅಂತರ್ಜಾಲವೂ ಅಗ್ಗವಾಯಿತು. ಅಂದಿನಿಂದ ಕಚೇರಿಯು ನೌಕರನ ಹಿಂದೆಯೇ ನಡೆಯತೊಡಗಿತು.

ಹಾಸನ ದಾಟಿದ ಮೇಲೆ ನಮ್ಮ ಅಳಿಯನು ಮಾಡಿದ ಸಿದ್ಧತೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಮನೆಯಲ್ಲಿ ತಿರುಗಾಟದ ಕೆಲಸದವರು ಇರುವ ವಾಚಕರಿಗೆ ಉಪಯೋಗವಾದೀತು. ಮೊದಲು ಅವನು ಬೇಕಾದ ಕಾಗದಪತ್ರಗಳನ್ನೂ ಮಂಗಳೂರಿನ ನಕ್ಷೆಯನ್ನೂ ಫೋನಿನೊಳಕ್ಕೆ ಇಳಿಸಿಕೊಂಡನು. ಆಮೇಲೆ ಕಚೇರಿಗೂ ಗಿರಾಕಿಗೂ ಮನೆಗೂ ಒಂದೇ ಒಕ್ಕಣೆಯ ಸಂದೇಶ ಬರೆದನು: "ಇನ್ನು ಎರಡು ಗಂಟೆಗಿಂತ ಹೆಚ್ಚು ಕಾಲ ಘಟ್ಟದಲ್ಲಿರುತ್ತೇನೆ, ಫೋನು ಸಿಕ್ಕುವುದಿಲ್ಲ. ಸುಬ್ರಹ್ಮಣ್ಯ ರೋಡಿನಲ್ಲಿ ಉತ್ತರ ಕೊಡುವೆನು." ಬೆಲೆಪಟ್ಟಿಯನ್ನು ಎರಡು ಬಗೆಯಾಗಿ, ಹಳೆಯ ಅಂಕಿಗೊಂದು ಹೊಸ ಅಂಕಿಗೊಂದು, ತಯಾರಿಸಿ ಇಟ್ಟನು. ಕಡೆಗೆ ಫೋನನ್ನು ವಿಮಾನದ ಗುರುತಿನ ಸ್ಥಿತಿಗೆ ತಿರುಗಿಸಿದನು. ಇದೇಕೆಂದು ಕೇಳಿದೆವು. "ಮಾವ, ಟವರು ಸಿಕ್ಕದೆ ಹೋದರೆ ಫೋನು ಹುಡುಕುತ್ತಲೇ ಇರುತ್ತದೆ. ಹುಡುಕಿ ಹುಡುಕಿಯೇ ಬ್ಯಾಟರಿ ಮುಗಿಯುತ್ತದೆ" ಎಂದನು.

ಇನ್ನೊಂದು ಮಾತು ಮನೆಯಲ್ಲಿರುವವರಿಗೆ. ವಾಟ್ಸಾಪಿನಲ್ಲಿ ಒಂದೇ ಗೆರೆಯ ಗುರುತು ನಿಂತಿದ್ದರೆ ಸಂದೇಶವು ಇಲ್ಲಿಂದ ಹೊರಟಿದೆ, ಆ ಫೋನನ್ನು ಇನ್ನೂ ಮುಟ್ಟಿಲ್ಲ ಎಂದಷ್ಟೇ ಅರ್ಥ. ಎರಡು ಗುರುತು ಬಿದ್ದರೆ ಮುಟ್ಟಿತೆಂದರ್ಥ. ಒಂದು ಗುರುತನ್ನು ಕಂಡು ಅಪಘಾತವನ್ನೂ ಅನಾರೋಗ್ಯವನ್ನೂ ಕಲ್ಪಿಸಿಕೊಂಡು ನೆರೆಹೊರೆಯವರಿಗೆಲ್ಲ ತಿಳಿಸುವವರನ್ನು ನಾವು ನೋಡಿದ್ದೇವೆ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಸುಮಾರು 55 ಕಿಲೋಮೀಟರು. ಅಷ್ಟರಲ್ಲಿ 57 ಸುರಂಗಗಳೂ ಅನೇಕ ಸೇತುವೆಗಳೂ ಇವೆ. ಪ್ರತಿ 50 ಅಡಿಗೆ ಒಂದು ಅಡಿಯಂತೆ ಇಳಿಜಾರು. ಗಾಡಿಯ ವೇಗ ಗಂಟೆಗೆ 30 ಕಿಲೋಮೀಟರನ್ನು ಮೀರದು. ಹಾಸನ ಮಂಗಳೂರುಗಳ ನಡುವಣ ಈ ದಾರಿಯು ಮೀಟರ್‌ಗೇಜಿನಲ್ಲಿ 1979ರಲ್ಲಿ ಪೂರ್ಣವಾಗಿ, ಹಳಿಯನ್ನು ಅಗಲಗೊಳಿಸಿದ ಮೇಲೆ 2007ರ ಡಿಸೆಂಬರಿನಲ್ಲಿ ಪ್ರಯಾಣಿಕರಿಗೆ ಮತ್ತೆ ತೆರೆಯಿತು. 2021ರ ಜುಲೈಯಿಂದ ಹಗಲು ಗಾಡಿಗೆ ವಿಸ್ಟಾಡೋಮ್ ಎಂಬ ಡಬ್ಬಿಯನ್ನು ಸೇರಿಸಿದರು; ಅದಕ್ಕೆ ದೊಡ್ಡ ಕಿಟಕಿಗಳು, ಮಾಡಿನಲ್ಲಿಯೂ ಗಾಜು. ನಮ್ಮ ಅಳಿಯನು ನಮ್ಮ ಸಲುವಾಗಿ ಅದರಲ್ಲಿಯೇ ಸ್ಥಳ ಹಿಡಿದಿದ್ದನು.

ದೋಣಿಗಾಲು ಕಳೆಯಿತು. ಒಂದು ಸುರಂಗ, ಕತ್ತಲೆ, ಹೊರಬಂದೊಡನೆ ಆಳವಾದ ಕಣಿವೆ, ಅದರಾಚೆ ಕಾಡು ಹೊದ್ದ ಬೆಟ್ಟ, ಮತ್ತೆ ಸುರಂಗ. ಮಳೆಗಾಲದ ಝರಿಗಳು ಡಿಸೆಂಬರಿನಲ್ಲಿ ಕೃಶವಾಗಿ ಬಂಡೆಗಳ ಮೇಲೆ ಬಿಳಿಯ ನೂಲಿನಂತೆ ಇಳಿಯುತ್ತಿದ್ದುವು. ಇಂಥ ಕಡೆ ಫೋನು ಮೂಕವಾಗುವುದು ಸಹಜವೇ. ಮೊಬೈಲಿನ ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗತಕ್ಕವು. ಬೆಟ್ಟವು ಅಡ್ಡ ಬಂದರೆ ಅದನ್ನು ಬಳಸಿಕೊಂಡು ಬಂದು ಮುಟ್ಟಲಾರವು. ಸುರಂಗದೊಳಗಂತೂ ಪ್ರವೇಶವೇ ಇಲ್ಲ. ನಗರಗಳ ಮೆಟ್ರೋ ಸುರಂಗಗಳಲ್ಲಿ ಫೋನು ನಡೆಯುವುದು ಒಳಗೆಯೇ ಅದಕ್ಕೆ ತಕ್ಕ ತಂತಿಗಳನ್ನು ಎಳೆದಿರುವುದರಿಂದ. ಇಲ್ಲಿ ಊರಿಲ್ಲ, ಜನವಿಲ್ಲ, ಕಾಡಿನ ನಡುವೆ ಟವರು ನಿಲ್ಲಿಸಿದರೆ ಲಾಭವೂ ಇಲ್ಲ. ಗಾಡಿಯ ಲೋಹದ ಗೋಡೆಗಳು ಉಳಿದ ಅಲ್ಪಸ್ವಲ್ಪವನ್ನೂ ತಡೆಯುತ್ತವೆ.

ವಡೆ ಮಾರುವವನು ಬಂದನು. ನಮ್ಮ ಅಳಿಯನು ಅಭ್ಯಾಸಬಲದಿಂದ ಫೋನನ್ನು ತೆಗೆದು ವಡೆಯವನ ಕೊರಳಲ್ಲಿದ್ದ ಯುಪಿಐ ಚೀಟಿಯ ಕಡೆಗೆ ಹಿಡಿದನು. "ಇಲ್ಲಿ ನಡೆಯೋದಿಲ್ಲ ಸ್ವಾಮಿ, ಕೈಯಲ್ಲಿ ಕೊಡಿ" ಎಂದನು ಅವನು. ಸಾವಿರಗಟ್ಟಲೆ ರೂಪಾಯಿನ ವ್ಯವಹಾರ ಮಾಡುವ ಹುಡುಗನ ಜೇಬಿನಲ್ಲಿ ಒಂದು ನೋಟೂ ಇರಲಿಲ್ಲ. ಪಿಂಚಣಿಯ ಹಣದಲ್ಲಿ ನಾವೇ ಕೊಟ್ಟೆವು. ವಡೆ ಬಿಸಿಯಾಗಿದ್ದಿತು.

ಕಡಗರವಳ್ಳಿಯ ಬಳಿ ಹಳಿಯ ಕೆಲಸದವರು ಸಲಿಕೆ ಹಿಡಿದು ಒತ್ತಿಗೆ ನಿಂತು ಗಾಡಿಗೆ ದಾರಿ ಬಿಟ್ಟರು. ಆ ವರ್ಷದ ಜುಲೈ ತಿಂಗಳಿನಲ್ಲಿ ಕಡಗರವಳ್ಳಿ ಎಡಕುಮರಿಗಳ ನಡುವೆಯೇ ಗುಡ್ಡ ಕುಸಿದು ಗಾಡಿಗಳ ಸಂಚಾರ ನಿಂತಿದ್ದಿತು. ಸುರಿವ ಮಳೆಯಲ್ಲಿ ಅದನ್ನು ಸರಿಪಡಿಸಿದವರು ಇಂಥವರೇ. ತಿರುಗಾಡಿ ದುಡಿಯುವವರು ಎಂದೊಡನೆ ಲ್ಯಾಪ್‌ಟಾಪು ಹೊತ್ತವರನ್ನಷ್ಟೇ ನಾವು ನೆನೆಯುತ್ತೇವೆ. ಮಳೆಗಾಲದಲ್ಲಿ ಹಗಲಿರುಳು ಈ ಹಳಿಯುದ್ದಕ್ಕೂ ನಡೆದು ಕಾಯುವವರೂ ಆ ವರ್ಗದವರೇ ಅಲ್ಲವೆ?

ಇಪ್ಪತ್ತು ನಿಮಿಷಗಳಾದರೂ ನಮ್ಮ ಅಳಿಯನ ಹೆಬ್ಬೆರಳು ಸುಮ್ಮನಿರಲಿಲ್ಲ. ಕತ್ತಲೆಯಾದ ಫೋನಿನ ಗಾಜನ್ನು ಸವರುವುದು, ನೋಡುವುದು, ಕೆಳಗಿಡುವುದು. ಆಮೇಲೆ ಅದನ್ನು ಚೀಲಕ್ಕೆ ಹಾಕಿ ಕಿಟಕಿಯ ಕಡೆ ತಿರುಗಿದನು. ಬಹಳ ಹೊತ್ತು ನೋಡಿ, "ಮಾವ, ಒಂದು ವಿಷಯ ನಿಮ್ಮನ್ನ ಕೇಳಬೇಕು ಅಂತ ಒಂದು ತಿಂಗಳಿಂದ ಇದ್ದೇನೆ" ಎಂದನು.

ಸಂಗತಿ ಇಷ್ಟು. ಬೆಂಗಳೂರಿನಲ್ಲಿಯೇ ಕುಳಿತು ಮಾಡುವ ಒಂದು ಕೆಲಸ ಅವನಿಗೆ ದೊರೆಯುವಂತಿದ್ದಿತು. ಸಂಬಳ ಈಗಿನದಕ್ಕಿಂತ ಕಡಿಮೆ. ಮನೆಯ ಸಾಲದ ಕಂತು ಇನ್ನೂ ಒಂಬತ್ತು ವರ್ಷ ಉಳಿದಿದೆ. ಒಪ್ಪಿಗೆಯೋ ಅಲ್ಲವೋ ಎಂಬುದನ್ನು ಆ ವಾರದೊಳಗೆ ತಿಳಿಸಬೇಕು. ಹೆಂಡತಿಗೆ ಇನ್ನೂ ಹೇಳಿರಲಿಲ್ಲ. "ಹೇಳಲು ಹೊತ್ತೇ ಸಿಕ್ಕಲಿಲ್ಲವೆ?" ಎಂದು ನಾವು ಕೇಳಿದೆವು. "ದಿನಕ್ಕೆ ಆರು ಸಲ ಫೋನು ಮಾಡ್ತೇನೆ ಮಾವ. ಹಾಲು ಬಂತೇ, ಕರೆಂಟು ಬಂತೇ, ಮಗು ಉಂಡಿತೇ. ಇಂಥ ಮಾತು ಅದರಲ್ಲಿ ಹೇಗೆ ಎತ್ತಲಿ?" ಎಂದನು. ಸ್ವಲ್ಪ ತಡೆದು ಇನ್ನೊಂದನ್ನು ಹೇಳಿದನು. ಅವನ ಐದು ವರ್ಷದ ಮಗಳು ಮನೆಯಾಟ ಆಡುವಾಗ ಅಮ್ಮನಾದವಳು ಅಡಿಗೆ ಮಾಡುತ್ತಾಳಂತೆ. ಅಪ್ಪನಾದವಳು ಮರದ ಇಟ್ಟಿಗೆಯೊಂದನ್ನು ಕಿವಿಗೆ ಹಿಡಿದು, ಬೇರೆಯವರು ಹತ್ತಿರ ಬಂದರೆ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರಿಸುತ್ತಾಳಂತೆ.

ನಾವು ಕೂಡಲೇ ಏನೂ ಹೇಳಲಿಲ್ಲ. ಫೋನನ್ನು ಬಯ್ದುಬಿಡುವುದು ಸುಲಭ. ಅದು ನ್ಯಾಯವೆಂದು ನಮಗೆ ತೋರುವುದಿಲ್ಲ. ನಮ್ಮ ತಂದೆಯವರು ಊರಿನಲ್ಲಿಲ್ಲದಾಗ ನಮ್ಮ ತಂಗಿಗೆ ಗಂಟಲುಮಾರಿ ಬಂದುದು ಅವರಿಗೆ ತಿಳಿದುದು ಹದಿನೊಂದು ದಿನಗಳ ಮೇಲೆ. ಆ ಹದಿನೊಂದು ದಿನಗಳನ್ನು ನಮ್ಮ ತಾಯಿಯವರು ಹೇಗೆ ಕಳೆದರೆಂಬುದನ್ನು ಬಲ್ಲವರು ಕಾರ್ಡಿನ ಕಾಲವನ್ನು ಕೊಂಡಾಡರು. ಕೇಡು ಇರುವುದು ಉಪಕರಣದಲ್ಲಲ್ಲ; ಕೈಯಲ್ಲಿ ಫೋನಿದ್ದವನು ಯಾವಾಗ ಕರೆದರೂ ಓಗೊಡಲೇಬೇಕೆಂಬ ನಿರೀಕ್ಷೆಯಲ್ಲಿ. ಫ್ರಾನ್ಸ್ ದೇಶದಲ್ಲಿ 50ಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಕೆಲಸದ ವೇಳೆಯಾಚೆಗೆ ಸಂಪರ್ಕದಿಂದ ಬಿಡುವಿರುವ ಬಗ್ಗೆ ನೌಕರರೊಡನೆ ಮಾತುಕತೆ ನಡೆಸಬೇಕೆಂಬ ಶಾಸನವು 2017ರ ಜನವರಿಯಿಂದ ಜಾರಿಗೆ ಬಂದಿತು. ಆಸ್ಟ್ರೇಲಿಯದಲ್ಲಿ ಅಂಥ ಹಕ್ಕು 2024ರ ಆಗಸ್ಟಿನಿಂದ ಆರಂಭವಾಯಿತು. ನಮ್ಮ ಲೋಕಸಭೆಯಲ್ಲಿಯೂ ಸುಪ್ರಿಯಾ ಸುಳೆ ಅವರು 2018ರಲ್ಲಿ ಇಂಥದೊಂದು ಖಾಸಗಿ ಮಸೂದೆಯನ್ನು ಮಂಡಿಸಿದರು, ಅದು ಕಾನೂನಾಗಲಿಲ್ಲ. ಇದನ್ನೆಲ್ಲ ನಾವು ಅಳಿಯನಿಗೆ ಹೇಳಿ, "ಸಕಲೇಶಪುರದಲ್ಲಿ ಎರಡು ಗಂಟೆ ಸಿಕ್ಕುವುದಿಲ್ಲವೆಂದು ಬರೆದೆಯಲ್ಲಪ್ಪ, ಯಾರಾದರೂ ಕೋಪಿಸಿಕೊಂಡರೆ? ಅದೇ ಒಕ್ಕಣೆಯನ್ನು ರಾತ್ರಿ ಎಂಟು ಗಂಟೆಗೆ ಏಕೆ ಬರೆಯಬಾರದು?" ಎಂದು ಕೇಳಿದೆವು. ಅವನು ನಕ್ಕು, "ಮನೆಯಲ್ಲಿ ಬೆಟ್ಟ ಇಲ್ಲವಲ್ಲ ಮಾವ" ಎಂದನು.

ಎಡಕುಮರಿ, ಶಿರಿಬಾಗಿಲುಗಳು ಕಳೆದು ಗಾಡಿಯು ನೆಟ್ಟಣದ ಬಯಲಿಗೆ ಇಳಿಯಿತು. ಸುಬ್ರಹ್ಮಣ್ಯ ರೋಡು ಎಂಬುದು ಅಲ್ಲಿಯ ನಿಲ್ದಾಣದ ಹೆಸರು. ಡಬ್ಬಿಯ ತುಂಬ ಒಂದೇ ಸಲಕ್ಕೆ ನಾನಾ ನಾದಗಳು ಎದ್ದುವು. ಮಲಗಿದ್ದ ಕೂಸೊಂದು ಬೆಚ್ಚಿ ಅತ್ತಿತು. ನಮ್ಮ ಅಳಿಯನಿಗೆ 43 ಸಂದೇಶಗಳು ಬಂದಿದ್ದುವು. ಮೇಲಧಿಕಾರಿಯು ಮೊದಲ ಅರ್ಧ ಗಂಟೆಯಲ್ಲಿ ಮೂರು ಸಲ ಅವಸರಪಡಿಸಿ, ಆಮೇಲೆ ತಾನೇ ಲೆಕ್ಕ ನೋಡಿ ಹಳೆಯ ಅಂಕಿಗೇ ಒಪ್ಪಿಗೆ ಕೊಟ್ಟಿದ್ದನು. ಗೋಡಂಬಿ ವರ್ತಕರು ಬರೆದುದು ಇಷ್ಟೇ: "ಘಟ್ಟದಲ್ಲಿ ಇದ್ದೀರಿ, ಗೊತ್ತು. ನಿಧಾನವಾಗಿ ಕಳಿಸಿ." ಬೆಲೆಪಟ್ಟಿಯು ಗಾಡಿ ನಿಲ್ದಾಣವನ್ನು ಬಿಡುವ ಮೊದಲೇ ಹೊರಟುಹೋಯಿತು.

ಹೊಸ ಕೆಲಸದವರ ಪತ್ರಕ್ಕೆ ಅವನು ಅಂದು ಉತ್ತರ ಬರೆಯಲಿಲ್ಲ. ಹೆಂಡತಿಗೆ ಮಾತ್ರ ಒಂದು ಸಾಲು ಬರೆದು ನಮಗೆ ತೋರಿಸಿದನು: ಶನಿವಾರ ಸಂಜೆ ಮನೆಗೆ ಬರುವೆನು, ಒಂದು ವಿಷಯ ಮಾತನಾಡುವುದಿದೆ, ಮಗುವನ್ನು ಅಜ್ಜಿಯ ಮನೆಗೆ ಕಳಿಸಬೇಡ. ಎರಡು ಗುರುತುಗಳು ಬಿದ್ದುವು. ಕಬಕ ಪುತ್ತೂರಿನಲ್ಲಿ ಇಬ್ಬರೂ ಎಳನೀರು ಕುಡಿದೆವು. ಈ ಸಲ ಫೋನಿನಿಂದ ಹಣ ಕೊಟ್ಟವನು ಅವನು.