ಮೇಣವಲಿಯ ಗಂಟೆ ಮತ್ತು ನಮ್ಮವ್ವ

ಪುಣೆಯಲ್ಲಿರುವ ನನ್ನ ಮನೆಗೆ ಅವ್ವ ಬಂದಾಗ ಎಲ್ಲಿಗೆ ಹೋಗೋಣ ಅಂತ ಕೇಳಿದೆ. "ಕೃಷ್ಣಾ ಹೊಳಿ ಸಣ್ಣದಿದ್ದಲ್ಲಿ ಹೆಂಗಿರ್ತೈತಿ, ನೋಡಬೇಕು" ಅಂದಳು. ಬಾಗಲಕೋಟೆ ಕಡೆಯ ನಮ್ಮೂರು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದೆ. ಅದೇ ಹೊಳೆ. ವಾಯಿಗೆ ಹೊರಟೆವು.

ವಾಯಿಯ ಹತ್ತಿರದ ಮೇಣವಲಿಯಲ್ಲಿ ಪೇಶ್ವೆಗಳ ಮಂತ್ರಿ ನಾನಾ ಫಡ್ನವೀಸರ ವಾಡೆ ಇದೆ. ಅದರ ಹಿಂದೆ ಕೃಷ್ಣೆಗೆ ಇಳಿಯುವ ಕಲ್ಲಿನ ಮೆಟ್ಟಿಲು, ಮೇಣೇಶ್ವರನ ಗುಡಿ. 'ಸ್ವದೇಸ್' ಸಿನಿಮಾ ತೆಗೆದ ಜಾಗ ಅಂತ ಮಗಳು ಫೋಟೊ ಹೊಡೆಯುತ್ತಿದ್ದಳು. ಅವ್ವ ಅಲ್ಲಿ ತೂಗುಹಾಕಿದ್ದ ದೊಡ್ಡ ಗಂಟೆಯ ಮುಂದೆ ನಿಂತುಬಿಟ್ಟಿದ್ದಳು.

"ಕೂಸು ಎತ್ತಿಕೊಂಡಾಕಿ ಯಾವ ದೇವಿಯೋ?"

"ಮೇರಿಯಮ್ಮ. ಕೂಸು ಏಸು."

"ಈಶ್ವರನ ಗುಡಿಗೆ ಹೆಂಗ ಬಂದ್ಲು?"

ನಾನು ಉತ್ಸಾಹದಿಂದ ಹೇಳಿದೆ. ಗಂಟೆ ಎರಕ ಹೊಯ್ದದ್ದು 1707ರಲ್ಲಿ. ತೂಕ ಸುಮಾರು 650 ಕಿಲೊ ಅಂತಾರೆ. 1739ರಲ್ಲಿ ಬಾಜೀರಾವ್ ಪೇಶ್ವೆಯ ತಮ್ಮ ಚಿಮಾಜಿ ಅಪ್ಪಾ ಪೋರ್ಚುಗೀಸರಿಂದ ವಸಾಯಿ ಕೋಟೆ ಗೆದ್ದರು. ಅಲ್ಲಿನ ಚರ್ಚುಗಳ ಗಂಟೆಗಳನ್ನು ಮರಾಠರು ಗೆಲುವಿನ ಗುರುತಾಗಿ ತಂದು ಗುಡಿಗಳಿಗೆ ಕೊಟ್ಟರು. ಭೀಮಾಶಂಕರದಲ್ಲಿ ಒಂದಿದೆ, ನಾಸಿಕದ ನಾರೋಶಂಕರ ಗುಡಿಯಲ್ಲಿ ಒಂದಿದೆ.

ಅವ್ವ ಎಲ್ಲ ಕೇಳಿದಳು. ಆಮೇಲೆ ಮೆಲ್ಲಗೆ, "ಮರುದಿನ ಮುಂಜಾನೆ ಆ ಊರಾಗ ಗಂಟಿ ಸಪ್ಪಳಾನ ಇರಲಿಲ್ಲೇನೋ" ಅಂದಳು.

ನನ್ನ ಬಾಯಿ ಕಟ್ಟಿತು. ಗೆದ್ದವರ ಕಥೆಯನ್ನಷ್ಟೇ ನಾನು ಓದಿಕೊಂಡಿದ್ದೆ.

ಊರು ಬಿಡುವ ದಿನ ಜನ ಬಾಗಿಲು, ತೊಲೆ, ಹೆಂಚು ಎಲ್ಲ ಕಿತ್ತು ಟ್ರ್ಯಾಕ್ಟರಿಗೆ ಹೇರಿದ್ದರು. ಹಣಮಪ್ಪನ ಗುಡಿಯ ಗಂಟೆ ಬಿಚ್ಚಿದವರು ಅಪ್ಪ. ಪುನರ್ವಸತಿ ಕೇಂದ್ರದಲ್ಲಿ ಗುಡಿ ಏಳುವವರೆಗೂ ಅದು ಬೇವಿನ ಟೊಂಗೆಯಲ್ಲಿತ್ತು. ಅವ್ವ ಅದನ್ನು ಒಮ್ಮೆಯೂ ಬಾರಿಸಿರಲಿಲ್ಲ. "ಹೊಳಿ ದಾಟಿ ಬರೋ ಸಪ್ಪಳ ಅಲ್ಲ ಇದು" ಅಂತ ಗುಡಿಗೆ ಹೋದರೂ ಸುಮ್ಮನೆ ಕೈಮುಗಿದು ಬರುತ್ತಿದ್ದಳು. ಮೊಂಡುತನ ಅಂತ ನಾನು ರೇಗಿದ್ದೂ ಉಂಟು.

ಮೇಣವಲಿಯಲ್ಲಿ ಅವಳು ಮೇರಿಯಮ್ಮನಿಗೆ ಕೈಮುಗಿದಳು. ಮೆಟ್ಟಿಲಿಳಿದು ಕೃಷ್ಣೆಯ ನೀರನ್ನು ಕಣ್ಣಿಗೆ ಒತ್ತಿಕೊಂಡಳು. "ನಮ್ಮ ಗಂಟಿ ನಮ್ಮ ಕೂಡಾನ ಬಂತು. ಅಷ್ಟರ ಮಟ್ಟಿಗೆ ನಾವು ಪುಣ್ಯವಂತರು" ಅಂದಳು.

ಊರಿಗೆ ಬಿಟ್ಟುಬರಲು ಹೋದ ಮರುದಿನ ನಸುಕಿನಲ್ಲಿ ಗುಡಿಯ ಗಂಟೆ ಕೇಳಿ ಎಚ್ಚರಾಯಿತು. ಪಕ್ಕದ ಹಾಸಿಗೆಯಲ್ಲಿ ಅವ್ವ ಇರಲಿಲ್ಲ.